ತಟ್ಟದೆ ಬಿಟ್ಟ ಚಪ್ಪಡಿ

ಕಳೆದ ವಾರ ನಮ್ಮ ಅಡುಗೆಮನೆಗೆ ಗ್ರಾನೈಟ್ ಕೂರಿಸಿದರು. ಮೆಷಿನ್ನಿನಲ್ಲಿ ಕಲ್ಲು ಕೊಯ್ಯುವಾಗ, ನೀರು ಬಿದ್ದ ಕಲ್ಲುಪುಡಿಯ ಹಸಿ ವಾಸನೆ ಮನೆಯೆಲ್ಲ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡು ಆಚೆ ಹೋದಳು. ನಾನು ಅಲ್ಲೇ ಕೂತುಬಿಟ್ಟೆ. ಎದುರುಮನೆ ಅಕ್ಕನ ಸೀರೆಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು...

ನಾನು ಮದುವೆಯಾಗಿ ಅಮೃತಹಳ್ಳಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಅಕ್ಕನ ಗಂಡನನ್ನು ಭಾವ ಎನ್ನುತ್ತಿದ್ದೆ. ಅವರದು ಬಂಡೆ ಕೆಲಸ. ಬಂಡೆಯ ಮೇಲೆ ಸೌದೆ ಉರಿಸಿ, ಕಾದು ಬಿಟ್ಟುಕೊಂಡ ಪದರವನ್ನು ಎಬ್ಬಿಸಿ ಚಪ್ಪಡಿ ತೆಗೆಯುತ್ತಿದ್ದರು. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಗಂಟೆಯಂತೆ ನುಡಿದರೆ ಗಟ್ಟಿ ಕಲ್ಲು, ಮಂದ ಸದ್ದು ಬಂದರೆ ಒಳಗೆಲ್ಲೋ ಬಿರುಕು. ಊರವರ ಚಾವಣಿಗೆಲ್ಲ ಅವರದೇ ಚಪ್ಪಡಿ, ಅವರ ಮನೆಗೆ ಮಾತ್ರ ಹುಲ್ಲು! ಅಕ್ಕ ಅದನ್ನೇ ಆಡಿಕೊಂಡು ನಕ್ಕು, ಜಗಳವನ್ನೂ ಆಡಿ, ಕೊನೆಗೂ ಕಲ್ಲಿನ ಮನೆಗೆ ಒಪ್ಪಿಸಿದಳು.

ಗೋಡೆ ಎದ್ದಿತು, ಚಪ್ಪಡಿಗಳು ಒಂದೊಂದಾಗಿ ಮೇಲೇರಿದವು. ಕೊನೆಯ ಚಪ್ಪಡಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದರು. ಪೂಜೆಯಾದ ಕಲ್ಲಿಗೆ ಮತ್ತೆ ಕಬ್ಬಿಣ ತಾಕಿಸಬಾರದು ಎನ್ನುವುದು ಅವರಲ್ಲಿ ಪದ್ಧತಿ. ಮೇಲೆತ್ತುವಾಗ ಹಗ್ಗ ಜಾರಿ ಆ ಚಪ್ಪಡಿ ಗೋಡೆಯ ಮೂಲೆಗೆ ಬಡಿಯಿತು. ಭಾವ ಸುತ್ತಿಗೆಗೆ ಕೈ ಚಾಚಿದರು.

“ಬ್ಯಾಡ, ಬ್ಯಾಡ! ಪೂಜೆ ಆದ್ ಕಲ್ಲು, ಇಂಗೆಲ್ಲ ಮಾಡ್ಬಾರ್ದು,” ಎಂದು ಅಕ್ಕ ಕೆಳಗಿನಿಂದ ಕೂಗಿದಳು.

“ಸರಿ ಬಿಡು, ನಿನ್ ಮನೆ, ನಿನ್ ಮಾತು,” ಎಂದು ನಕ್ಕು ಭಾವ ಕೈ ಹಿಂತೆಗೆದರು.

ಚಪ್ಪಡಿ ಕೂತಿತು. ಸಂದಿಗೆ ಗಾರೆ ತುಂಬಲು ಭಾವ ಅದರ ಮೇಲೆ ಕಾಲಿಟ್ಟರು. ನಡುವಿಗೆ ಸರಿಯಾಗಿ ಎರಡಾಯಿತು. ಅವರು ಕೆಳಗೆ ಬಿದ್ದರು, ಒಂದು ಹೋಳು ಅವರ ಎದೆಯ ಮೇಲೆಯೇ ಬಿತ್ತು. ಕಲ್ಲು ಸರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಅರಿಶಿನ ಇನ್ನೂ ಒಣಗಿರಲಿಲ್ಲ.

ಅಕ್ಕ ಆ ಮನೆಯಲ್ಲೇ ಉಳಿದಳು, ತೆರೆದ ಜಾಗಕ್ಕೆ ತಗಡು ಹೊದಿಸಿಕೊಂಡು. ಮಾತು ತೀರ ಕಮ್ಮಿಯಾಯಿತು. ನಾನು ಊಟ ಒಯ್ದರೆ ಕೇಳುತ್ತಿದ್ದುದು ಒಂದೇ: “ನಾನ್ ಬಾಯ್ ಮುಚ್ಕೊಂಡಿದ್ದಿದ್ರೆ?” ನಾನು ತಟ್ಟೆಯನ್ನು ಅವಳ ಮುಂದಕ್ಕೆ ಸರಿಸುತ್ತಿದ್ದೆ.

ಒಂದು ದಿನ ಭಾವನ ಜೊತೆ ಬಂಡೆಯಲ್ಲಿ ದುಡಿದ ಮುದುಕರೊಬ್ಬರು ಬಂದರು. “ಅದು ಕೂದ್ಲೆಳೆಯಂಗಿದ್ದ ಬಿರುಕು ಕಣವ್ವ. ತಟ್ಟಿದ್ರೂ ಅವನ್ಗೆ ಗೊತ್ತಾಯ್ತಿರ್ಲಿಲ್ಲ. ನಿಂದೇನೂ ತಪ್ಪಿಲ್ಲ,” ಎಂದರು. ಸದ್ಯ, ಯಾರಾದರೂ ಹೇಳಿದರಲ್ಲ ಎಂದು ನನಗೆ ಜೀವ ಬಂದಂತಾಯಿತು. ಅಕ್ಕ ಮಾತ್ರ ಎದ್ದು ನಿಂತಳು. ಅಷ್ಟು ಸಿಟ್ಟನ್ನು ನಾನು ಅವಳಲ್ಲಿ ಕಂಡಿರಲಿಲ್ಲ.

ಅಕ್ಕ ಹೋಗಿ ಎಷ್ಟೋ ಕಾಲವಾಯಿತು. ಆ ಮನೆಯ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಇಷ್ಟು ವರ್ಷವಾದರೂ ನನಗೆ ಅವಳಿಲ್ಲ ಎನ್ನುವುದು ನೋಯುತ್ತದೆ. ಅದಕ್ಕಿಂತ ಹೆಚ್ಚು ನೋಯುವುದು, ಅವಳು ಅಂದು ಆ ಮುದುಕರಿಗೆ ಹೇಳಿದ ಮಾತು:

“ಅವ್ರ್ ಕಿವೀಗ್ ಗೊತ್ತಾಯ್ತಿತ್ತು. ನನ್ನ ಉಳ್ಸಕ್ಕೆ ಅಂತ ಅವ್ರ್ ಕೆಲ್ಸಾನ ಕೀಳ್ ಮಾಡ್ಬ್ಯಾಡಿ.”