ಅಟ್ಟದ ಮೇಲಿನ ಮೂರನೇ ತಂತಿ

ಇಂಟರ್ನೆಟ್ ರಿಪೇರಿ ಮಾಡುವವನಿಗೆ ನಿಧಾನಪ್ಪ ಎಂಬ ಅಡ್ಡಹೆಸರು ಬಿದ್ದರೆ ಹೊಟ್ಟೆಪಾಡು ನಡೆಯುವುದು ಹೇಗೆ? ಆದರೆ ನಡೆಯುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಮೊದಲು ಅವನು ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು. ಜನ ಫೋನಿನಲ್ಲೇ ಹೊತ್ತು ನೋಡಲು ಶುರುಮಾಡಿದ ಮೇಲೆ ತಂತಿಯ ಕೆಲಸ ಕಲಿತ. ಕಸುಬು ಬದಲಾದರೂ ಕೈ ಬದಲಾಗಲಿಲ್ಲ. ಒಂದು ತಿರುಪು ಬಿಚ್ಚಿದರೆ ಅದನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಆಮೇಲೆಯೇ ಎರಡನೆಯದಕ್ಕೆ ಕೈ ಹಾಕುವವನು. ಜೊತೆಯವರು ದಿನಕ್ಕೆ ಎಂಟು ಮನೆ ಮುಗಿಸಿದರೆ ಅವನದು ಮೂರೇ. ಆದರೆ ಆ ಎಂಟರಲ್ಲಿ ನಾಲ್ಕು ಮನೆಯವರು ಮಾರನೆಯ ದಿನ ಮತ್ತೆ ಫೋನ್ ಮಾಡುತ್ತಿದ್ದರು. ಅವನ ಮೂರು ಮನೆಯವರು ಮಾಡುತ್ತಿರಲಿಲ್ಲ. ಹೆಂಡತಿ ಬಸ್ ಡ್ರೈವರ್. "ವೇಗಕ್ಕೆ ಮನೆಗೊಬ್ಬರು ಸಾಕು" ಎನ್ನುತ್ತಿದ್ದ.

ದೊಡ್ಡ ಟೀಚರ್ ಮನೆಯ ದೂರು ಅವನ ಪಾಲಿಗೆ ಬಂದದ್ದು ಬೇರೆ ಯಾರೂ ಅಲ್ಲಿಗೆ ಕಾಲಿಡಲು ಒಪ್ಪದಿದ್ದಾಗ. ಮೂವತ್ತು ವರ್ಷ ಲೆಕ್ಕದ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಹೆಂಗಸು. ಅದಕ್ಕೂ ಮೊದಲು ಅಲ್ಲಿಗೆ ಹೋಗಿದ್ದ ಮೂವರೂ ರೂಟರ್ ಪೆಟ್ಟಿಗೆ ಆರಿಸಿ, ಹೊತ್ತಿಸಿ, "ಈಗ ಸರಿ ಹೋಗತ್ತೆ ಮೇಡಂ" ಎಂದು ಹೇಳಿ ಬೈಸಿಕೊಂಡು ಬಂದಿದ್ದರು. ಮೂರನೆಯವನಿಗಂತೂ ಶೇಕಡಾವಾರು ಲೆಕ್ಕ ಬಾರದೆಂದು ಹೋಂವರ್ಕ್ ಕೊಟ್ಟು ಕಳಿಸಿದ್ದರಂತೆ.

ಬಾಗಿಲಲ್ಲೇ ಟೀಚರ್ ಒಂದು ನೋಟ್‌ಬುಕ್ ಅವನ ಮುಖಕ್ಕೆ ಹಿಡಿದರು. ಹದಿನಾರು ದಿನ, ಗಂಟೆಗೊಮ್ಮೆ ಅಳೆದ ವೇಗ. ತೊಂಬತ್ತನಾಲ್ಕು, ತೊಂಬತ್ತಮೂರು, ತೊಂಬತ್ತನಾಲ್ಕು, ತೊಂಬತ್ತನಾಲ್ಕು.

"ಹೋದ ತಿಂಗಳು ನೆಟ್ಟಿನ ವೇಗ ಐವತ್ತು ಎಂಬಿಯಿಂದ ಐನೂರಕ್ಕೆ ಏರಿಸಿಕೊಂಡೆ. ಐನೂರು ಅಂದಮೇಲೆ ಐನೂರು ಬರಬೇಕು. ಬರ್ತಿರೋದು ನೂರಕ್ಕೆ ಹತ್ತೊಂಬತ್ತೂ ಇಲ್ಲ. ಪಾಸ್ ಮಾಡ್ಲಾ, ಫೇಲ್ ಮಾಡ್ಲಾ?"

ನಿಧಾನಪ್ಪ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಹಿಂದೆ ಬಂದ ಮೂವರಲ್ಲಿ ಒಬ್ಬನೂ ಅದನ್ನು ತೆರೆದಿರಲಿಲ್ಲ.

"ಏರುಪೇರೇ ಇಲ್ವಲ್ಲ ಮೇಡಂ. ಜ್ವರ ಆದ್ರೆ ಏರಬೇಕು, ಇಳೀಬೇಕು. ಇದು ಜ್ವರ ಅಲ್ಲ. ಎಲ್ಲೋ ಬಾಗಿಲು ಚಿಕ್ಕದಿದೆ. ನೂರರಷ್ಟು ಮಾತ್ರ ತೂರೋವಂಥ ಬಾಗಿಲು."

ಟೀಚರ್ ಹುಬ್ಬೇರಿಸಿದರು. ಒಳಗೆ ಬಾ ಎನ್ನುವಂತೆ ಪಕ್ಕಕ್ಕೆ ಸರಿದರು.

ಹಾಲ್‌ನಲ್ಲಿದ್ದ ರೂಟರಿಗೆ ತನ್ನ ಲ್ಯಾಪ್‌ಟಾಪನ್ನು ನೇರವಾಗಿ ಸಿಕ್ಕಿಸಿ ನೋಡಿದ. ನಾನೂರ ಎಂಬತ್ತು. ಹೊರಗಿನ ಲೈನು ಸರಿಯಾಗಿದೆ. ಒಳಗಿನ ಓದುವ ಕೋಣೆಯಲ್ಲಿ ಟೀಚರರ ಕಂಪ್ಯೂಟರಿಗೆ ಹೊಸ ಕೇಬಲ್ ಹಾಕಿದ. ತೊಂಬತ್ತನಾಲ್ಕು. ಕಂಪ್ಯೂಟರ್ ತೆಗೆದು ತನ್ನ ಲ್ಯಾಪ್‌ಟಾಪ್ ಇಟ್ಟ. ಆಗಲೂ ತೊಂಬತ್ತನಾಲ್ಕು. ಉಳಿದದ್ದು ಗೋಡೆಯೊಳಗಿನ ತಂತಿ. ಅದರ ಎರಡೂ ತುದಿಗೆ ಪರೀಕ್ಷೆಯ ಯಂತ್ರ ಕಚ್ಚಿಸಿದ. ಒಳಗಿರುವ ಎಂಟು ಎಳೆಗೆ ಎಂಟು ದೀಪ ಹತ್ತಬೇಕು. ಒಂದೂ ಹತ್ತಲಿಲ್ಲ.

"ದೀಪ ಹತ್ತುತ್ತಿಲ್ಲ, ಆದ್ರೂ ನೆಟ್ ಬರ್ತಿದೆ," ಎಂದು ತನಗೆ ತಾನೇ ಹೇಳಿಕೊಂಡ. "ಅಂದ್ರೆ ಇದು ಒಂದೇ ತಂತಿ ಅಲ್ಲ. ಮಧ್ಯದಲ್ಲಿ ಯಾರೋ ಕೂತಿದ್ದಾರೆ. ಮೇಲೆ ಯಾರಿದ್ದಾರೆ ಮೇಡಂ?"

"ಯಾರೂ ಇಲ್ಲ."

ಅಷ್ಟರಲ್ಲಿ ಮೇಲೆ ಯಾರೋ ಕೆಮ್ಮಿದರು.

"ಅದು?"

"ಅದು ನನ್ನ ತಮ್ಮ. ಎರಡು ವರ್ಷದಿಂದ ನನ್ನ ಪಾಲಿಗೆ ಅವನು ಇಲ್ಲ. ನನ್ನನ್ನೊಂದು ಮಾತು ಕೇಳದೆ ಮೆಟ್ಟಿಲಿಗೆಲ್ಲ ಗಿಳಿಹಸಿರು ಬಣ್ಣ ಬಳಿದುಬಿಟ್ಟ. ಏನೋ ಚಿಕ್ಕೋನು, ತಿದ್ದೋಣ ಅಂತ ಬುದ್ಧಿ ಹೇಳಿದ್ರೆ, ಕನ್ನಡಕದ ಅಂಗಡಿ ಇಟ್ಟಿದ್ದೋನು ನಾನು, ಬಣ್ಣ ನನಗೆ ಗೊತ್ತು ಅಂದ. ಅವತ್ತೇ ಮಾತು ಬಿಟ್ಟೆ. ಮೇಲಿನ ನೆಟ್ಟೂ ಕಿತ್ತೆ. ನೀನು ಕೆಲಸ ನೋಡು, ನಾನು ಟೀ ಮಾಡ್ತೀನಿ."

ಹಾಲ್‌ಗೂ ಓದುವ ಕೋಣೆಗೂ ನಡುವೆ, ಮೆಟ್ಟಿಲ ಪಕ್ಕದಲ್ಲಿ ಸಾಮಾನು ತುಂಬುವ ಅಟ್ಟವಿತ್ತು. ನಿಧಾನಪ್ಪ ಏಣಿ ಹತ್ತಿದ. ಹಳೆಯ ಭೂಪಟಗಳು, ಕಾಲು ಮುರಿದ ಕುರ್ಚಿ, ಸುತ್ತಿಟ್ಟ ಚಾಪೆ. ಚಾಪೆ ಸರಿಸಿದರೆ ಅದರ ಹಿಂದೆ ಅಂಗೈಯಷ್ಟಗಲದ ಪೆಟ್ಟಿಗೆಯೊಂದು ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು: ಒಂದು ತಂತಿಯನ್ನು ಹಲವಾಗಿ ಕವಲೊಡೆಸುವ, ನೂರಕ್ಕಿಂತ ಹೆಚ್ಚು ವೇಗ ಕೊಡಲಾರದ ಹಳೆಯ ಪೆಟ್ಟಿಗೆ. ಹಾಲ್‌ನಿಂದ ಒಂದು ತಂತಿ ಬರುತ್ತಿತ್ತು, ಓದುವ ಕೋಣೆಗೆ ಒಂದು ಹೋಗುತ್ತಿತ್ತು. ಮೂರನೆಯದು ತಾರಸಿಯ ತೂತಿನಲ್ಲಿ ತೂರಿ ಮೇಲಕ್ಕೆ ಹೋಗಿತ್ತು.

ಅವನು ಗಿಳಿಹಸಿರು ಮೆಟ್ಟಿಲು ಹತ್ತಿದ. ಬಣ್ಣ ನಿಜಕ್ಕೂ ಕಣ್ಣು ಕುಕ್ಕುವಂತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಾಗಿಲು ತಟ್ಟುವ ಮೊದಲೇ ತಮ್ಮ ತೆರೆದ. ಅರವತ್ತೈದು ದಾಟಿದ, ಗುಂಡು ಮುಖದ ಮನುಷ್ಯ. "ನಾನೇನೂ ಮಾಡಿಲ್ಲ," ಎಂದ. ಅವನ ಹಿಂದೆ ಕಂಪ್ಯೂಟರಿನ ಪರದೆಯ ಮೇಲೆ ಅರ್ಧ ಆಡಿದ ಚೆಸ್ ಆಟ ತೆರೆದಿತ್ತು.

"ಅಟ್ಟದ ಪೆಟ್ಟಿಗೆ ನಿಮ್ದಾ ಸಾರ್?"

ತಮ್ಮ ಬಾಗಿಲ ಹೊರಗೆ ಇಣುಕಿ, ಅವನನ್ನು ತೋಳು ಹಿಡಿದು ಒಳಗೆಳೆದುಕೊಂಡ. "ಮೆಲ್ಲಗೆ! ಅಕ್ಕನಿಗೆ ಹೇಳಿಬಿಡಬೇಡಿ. ಅವಳು ದಿನಾ ನಾಲ್ಕು ಗಂಟೆಗೆ ಈ ಚೆಸ್ ಆಡ್ತಾಳೆ. ನಾನು ಕಳ್ಳ ಹೆಸರಲ್ಲಿ ಅವಳ ಜೊತೆ ಆಡ್ತೀನಿ. ಪರದೇಶದ ಯಾರೋ ಸಾಹೇಬ ಅಂದ್ಕೊಂಡಿದ್ದಾಳೆ, ಪಾಪ. ಹೋದ ವಾರ ನನಗೆ ಶಹಬ್ಬಾಸ್ ಅಂತ ಬೇರೆ ಬರೆದಳು. ಹುಟ್ಟಿದಾಗಿನಿಂದ ಒಂದು ಸಲ ಅಂದಿರಲಿಲ್ಲ!"

"ಅದಕ್ಕೆ ಕದ್ದ ತಂತಿ ಯಾಕೆ ಸಾರ್? ನಿಮ್ದೇ ಬೇರೆ ಲೈನ್ ತಗೋಬಹುದಿತ್ತಲ್ಲ?"

ತಮ್ಮ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಬೇರೆ ಲೈನ್ ತಗೊಂಡ್ರೆ ಬೇರೆ ಆದ ಹಾಗೇ ಅಲ್ವೇನ್ರೀ," ಎಂದ.

ನಿಧಾನಪ್ಪ ತಲೆಯಾಡಿಸಿದ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಕೆಳಗಿಳಿದ.

ಟೀಚರ್ ಟೀ ಲೋಟ ಹಿಡಿದು ಏಣಿಯ ಬುಡದಲ್ಲೇ ನಿಂತಿದ್ದರು. ಲೋಟವನ್ನು ಅವನ ಕೈಗಿಟ್ಟು ಕೇಳಿದರು, "ಏನು ಸಿಕ್ಕಿತು?"

ನಿಧಾನಪ್ಪ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ. "ಅಟ್ಟದಲ್ಲಿ ಹಳೇ ಪೆಟ್ಟಿಗೆ ಒಂದಿತ್ತು ಮೇಡಂ. ಯಾವ ಕಾಲದ್ದೋ ಏನೋ. ಬದಲಾಯಿಸ್ತೀನಿ, ಐನೂರೂ ತೂರತ್ತೆ."

"ಬದಲಾಯಿಸು. ಆದ್ರೆ ಆ ಮೂರನೇ ತಂತಿ ಇದೆಯಲ್ಲ, ಅದನ್ನ ಹೊಸ ಪೆಟ್ಟಿಗೇಲೂ ಹಾಗೇ ಸಿಕ್ಕಿಸು."

ನಿಧಾನಪ್ಪನ ಬಾಯಿಗೆ ಹೋಗುತ್ತಿದ್ದ ಟೀ ಅಲ್ಲೇ ನಿಂತಿತು. ಮೂರನೇ ತಂತಿಯ ಮಾತನ್ನು ಅವನು ಎತ್ತಿಯೇ ಇರಲಿಲ್ಲ.

"ಬೆಪ್ಪನ ಹಾಗೆ ನೋಡಬೇಡ. ಅವನಿಗೆ ಚೆಸ್ ಕಲಿಸಿದ್ದು ನಾನು. ಅವನ ಕುದುರೆಗಳಿಗೆ ಚಿಕ್ಕಂದಿನಿಂದ ಅವಸರ ಜಾಸ್ತಿ. ಪರದೇಶದ ಸಾಹೇಬ ಮೂರು ನಡೆ ಇಡೋದ್ರಲ್ಲೇ ಗೊತ್ತಾಯ್ತು ನಂಗೆ. ನೆಟ್ ಎಲ್ಲಿಂದ ಬರತ್ತೆ ಇವನಿಗೆ ಅಂತ ಅವತ್ತೇ ಅಟ್ಟ ಹತ್ತಿ ನೋಡಿದೆ."

"ಮತ್ತೆ ಪೆಟ್ಟಿಗೆ ಅಲ್ಲಿದೆ ಅಂತ ನಮ್ಮೋರಿಗೆ ಮೊದಲೇ ಹೇಳಬಹುದಿತ್ತಲ್ಲ ಮೇಡಂ?"

"ಹೇಳಿದ್ರೆ ನನಗೆ ಗೊತ್ತಿದೆ ಅಂತ ಊರಿಗೆಲ್ಲ ಗೊತ್ತಾಗಿ, ಅವನಿಗೂ ಗೊತ್ತಾಗತ್ತೆ. ನಾಚಿಕೊಂಡು ತಂತಿ ಕಿತ್ಕೊಂಡು ಹೋಗ್ತಾನೆ. ಆಮೇಲೆ ನಾಲ್ಕು ಗಂಟೆಗೆ ನಾನು ಯಾರನ್ನ ಸೋಲಿಸಲಿ? ನೀವಾಗೇ ಹುಡುಕಿ ಬದಲಾಯಿಸಿದ್ರೆ ನಂದೇನೂ ಇಲ್ಲ. ಯಾರಿಗೂ ಹೇಳಬೇಡ."

ಅಲ್ಲಿಗೆ ಒಂದೇ ಮನೆಯಲ್ಲಿ ಎರಡು ಮಾತು ಕೊಟ್ಟಂತಾಯಿತು. ಹೊಸ ಪೆಟ್ಟಿಗೆ ಕೂರಿಸಿ, ಮೂರೂ ತಂತಿ ಸಿಕ್ಕಿಸಿ, ಚಾಪೆಯನ್ನು ಮೊದಲಿದ್ದ ಹಾಗೇ ಮುಚ್ಚಿ ಇಳಿದ. ಟೀಚರ್ ಅಳೆದರು. ನಾನೂರ ಎಂಬತ್ತೊಂದು. "ನೂರಕ್ಕೆ ತೊಂಬತ್ತಾರು," ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ರುಜು ಹಾಕಿದರು. ಪಾಸಾದ ಸಂತೋಷ ಅವನಿಗೆ ನಲವತ್ತಾರನೇ ವಯಸ್ಸಿನಲ್ಲೂ ಆಯಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಟೀಚರ್ ಫೋನ್ ಮಾಡಿದರು. ದನಿ ತಗ್ಗಿಸಿ, "ನೋಡಪ್ಪ, ಒಂದು ವಿಷಯ. ಮೇಲಿನ ತಂತಿಗೆ ಮಾತ್ರ ವೇಗ ಸ್ವಲ್ಪ ಕಡಿಮೆ ಮಾಡೋಕಾಗತ್ತಾ? ನಾಲ್ಕು ದಿನದಿಂದ ಗೆಲ್ತಾನೇ ಇದ್ದಾನೆ," ಎಂದರು.

ಚೆಸ್‌ಗೂ ವೇಗಕ್ಕೂ ಸಂಬಂಧವಿಲ್ಲವೆಂದು ಹೇಳಿ ಮುಗಿಸಬಹುದಿತ್ತು. ಆಮೇಲೆ ಬಾಯಿ ತಪ್ಪಿ ಬಂತು ಎಂದು ಅವನು ಹೇಳಿಕೊಂಡದ್ದುಂಟು. ಆದರೆ ಅಷ್ಟು ಯೋಚಿಸಿ ಮಾತಾಡುವವನ ಬಾಯಿ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

"ಮಾಡಬಹುದು ಮೇಡಂ," ಎಂದ. "ಆದ್ರೆ ಹೋದ ವಾರ ಸೋಲ್ತಾ ಇದ್ದಾಗ ನಿಮ್ಮ ತಮ್ಮನೂ ಇದನ್ನೇ ಕೇಳಿದ್ರು. ಅಕ್ಕನ ತಂತಿಗೆ ಸ್ವಲ್ಪ ಕಡಿಮೆ ಮಾಡಿ ಅಂತ."

ಆ ಕಡೆ ಫೋನನ್ನು ಮೇಜಿನ ಮೇಲೆ ಕುಕ್ಕಿದ ಸದ್ದು. ಅದರ ಹಿಂದೆಯೇ, ಸಾವಿರ ಮಕ್ಕಳ ಸಾಲನ್ನು ಮೈದಾನದ ಆ ತುದಿಯವರೆಗೆ ನೆಟ್ಟಗೆ ನಿಲ್ಲಿಸುತ್ತಿದ್ದ ಗಂಟಲು:

"ಏ ಗುಂಡಾ! ಇಳಿದು ಬಾರೋ ಕೆಳಗೆ!"

ಮೆಟ್ಟಿಲ ಮೇಲೆ ಚಪ್ಪಲಿ ಪಟಪಟ ಇಳಿದು ಬರುವುದು ಅವನಿಗೆ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.