ಮೇವಿಗೆ ಕರೆಯುವ ಮುರುಗೆಪ್ಪ

ಮುರುಗೆಪ್ಪನಷ್ಟು ಮೊಂಡ ಮನುಷ್ಯನನ್ನು ನಾನು ಕಂಡಿಲ್ಲ. ಆ ಮೊಂಡತನವನ್ನು ಮುರಿದವರಲ್ಲಿ ನಾನೂ ಒಬ್ಬ. ಅವನ ಕತೆ ಹೇಳಲು ನನಗೆ ಮುಖವಿದೆಯೋ ಇಲ್ಲವೋ ಗೊತ್ತಿಲ್ಲ. ಅವನಂತೂ ಬಾಯಿ ಬಿಡುವವನಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಅಬುಧಾಬಿ ಸೀಮೆಯ ಮದೀನತ್ ಜಾಯೆದ್ ಪೇಟೆಯಿಂದ ಮುಕ್ಕಾಲು ಗಂಟೆ ಮರಳಿನಲ್ಲಿ ಹೋದರೆ ಒಬ್ಬ ಅರಬ್ ಶ್ರೀಮಂತರ ತೋಟವಿತ್ತು. ಖರ್ಜೂರದ ಸಾಲು, ಒಂದು ಗೆಸ್ಟ್ ಹೌಸ್, ಆಳುಗಳ ಕ್ಯಾಂಪು, ಅದರಾಚೆ ಕಣ್ಣು ಹಾಯುವಷ್ಟು ತಂತಿಬೇಲಿ. ಬೇಲಿಯೊಳಗೆ ಕೃಷ್ಣಮೃಗಗಳು. ನಾನು ಶೀನಪ್ಪ, ಉಡುಪಿ ಕಡೆಯವನು, ಕ್ಯಾಂಪಿನ ಅಡುಗೆಯವನು. ಮುರುಗೆಪ್ಪ ರಾಣೇಬೆನ್ನೂರು ಕಡೆಯ ಲಿಂಗಾಯತ. ತೊಂಬತ್ತೆರಡರಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸಕ್ಕೆಂದು ಬಂದ. ಬಂದ ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ ಆಳು ಪತ್ತೆಯಿಲ್ಲ. ಹುಡುಕಿಕೊಂಡು ಹೋದರೆ ಬೇಲಿ ಹಿಡಿದು ನಿಂತಿದ್ದ.

"ಇವು ನಮ್ಮೂರ ಚಿಗರಿ, ಶೀನಣ್ಣ. ಇಲ್ಲಿಗೆ ಯಾರ ತಂದ್ರೋ ಏನೋ," ಎಂದು ಕಣ್ಣೊರೆಸಿಕೊಂಡ.

ನನಗೆ ನಗು ಬಂತು. ಊರಲ್ಲಿ ಹೊಲಕ್ಕೆ ಬಿದ್ದ ಚಿಗರಿಗಳನ್ನು ಕೂಗಿ ಓಡಿಸುವುದೇ ಇವನ ಬಾಲ್ಯದ ಕೆಲಸವಾಗಿತ್ತಂತೆ. ಓಡಿಸಿದವನೇ ಇಲ್ಲಿ ಬಂದು ಅಳುವುದೆಂದರೆ! ಮ್ಯಾನೇಜರ್ ಕೂಡ ನಕ್ಕ, ಆದರೆ ಮರುವಾರವೇ ಮೇವು ಹಾಕುವ ಕೆಲಸವನ್ನು ಅವನಿಗೇ ವಹಿಸಿದ.

ಸಂಜೆ ಗೋದಲಿಗೆ ಮೇವು ತುಂಬಿ, ಎರಡೂ ಕೈ ಬಾಯಿಗೆ ಹಿಡಿದು "ಬರ್ರೀ... ಬರ್ರೆಪ್ಪಾ ಬರ್ರೀ..." ಎಂದು ಉದ್ದಕ್ಕೆ ಕರೆಯುತ್ತಿದ್ದ. ದಿಬ್ಬದಾಚೆಯಿಂದ ಚಿಗರಿಗಳು ಪುಟಿಯುತ್ತ ಬರುತ್ತಿದ್ದವು. ಬೇರೆ ಯಾರು ಕರೆದರೂ ದೂರದಲ್ಲೇ ನಿಂತು ಕಿವಿ ಆಡಿಸುತ್ತಿದ್ದವು, ಅಷ್ಟೇ.

"ಜಿಂಕೆಗೂ ಇಷ್ಟು ಮರ್ಯಾದೆಯಾ ಮಾರಾಯ?" ಎಂದು ನಾನು ಕಾಲೆಳೆದೆ.

"ಉಣ್ಣಾಕ ಕರಿಯೋವಾಗ ಯಾರಾದ್ರೇನ್ರೀ? ಮರ್ಯಾದಿ ಕೊಟ್ಟ ಕರೀಬೇಕ."

ನಾನು ಹೋಗಿ ಬೇಳೆ ಬೆಂದಿದೆಯೋ ನೋಡಿದೆ.

ಅವನ ಹೆಂಡತಿ ನೀಲಾಂಬಿಕಾ ಊರಲ್ಲಿದ್ದಳು. ಮದುವೆಯಾಗಿ ಐದು ತಿಂಗಳಿಗೆ ಇವನು ಹೊರಟು ಬಂದಿದ್ದ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಮಕ್ಕಳಾಗಲಿಲ್ಲ. ಆಗಲು ಪುರುಸೊತ್ತೆಲ್ಲಿ ಎಂದು ಕ್ಯಾಂಪಿನಲ್ಲಿ ತಮಾಷೆ ಮಾಡುತ್ತಿದ್ದೆವು, ಅವನು ಎದ್ದು ಹೋಗುತ್ತಿದ್ದ. ಅವಳು ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದಳು. ಶುಕ್ರವಾರ ರಜೆಯ ದಿನ ಅದನ್ನು ಹಾಕಿಕೊಂಡು ಕೂರುತ್ತಿದ್ದ. ರೊಟ್ಟಿ ತಟ್ಟುತ್ತಲೇ ಮಾತಾಡುತ್ತಿದ್ದಳು ಆಕೆ; ಮಾತಿಗಿಂತ ತಟ್ಟುವ ಸದ್ದೇ ಹೆಚ್ಚು ಕೇಳುತ್ತಿತ್ತು. ಅದನ್ನೂ ಬಿಡದೆ ಕೇಳುತ್ತಿದ್ದ. ನನಗೂ ಒಮ್ಮೊಮ್ಮೆ ಊರಲ್ಲಿದ್ದ ನನ್ನ ಹೆಂಡತಿ ಲೋಲಾಕ್ಷಿಯ ನೆನಪಾಗುತ್ತಿತ್ತು.

ಇವನದ್ದು ಒಂದೇ ಆಸೆ. ಅವಳನ್ನು ಇಲ್ಲಿಗೆ ಕರೆಸಿಕೊಳ್ಳಬೇಕು. ಗೆಸ್ಟ್ ಹೌಸಿನ ಕೆಲಸಕ್ಕೆಂದು ಅವಳಿಗೊಂದು ವೀಸಾ, ಇಬ್ಬರಿಗೂ ಒಂದು ಕೋಣೆ. ವರ್ಷವರ್ಷವೂ ಅರ್ಜಿ ಕೊಡುತ್ತಿದ್ದ. ಮ್ಯಾನೇಜರ್ ವರ್ಷವರ್ಷವೂ "ಇನ್‌ಶಾಲ್ಲಾ" ಎನ್ನುತ್ತಿದ್ದ.

ತೊಂಬತ್ತೊಂಬತ್ತರ ಹೊತ್ತಿಗೆ ಚಿಗರಿಗಳು ವಿಪರೀತ ಹೆಚ್ಚಿದವು. ನೂರೈವತ್ತಕ್ಕೆ ಸಾಕಾಗುವ ಜಾಗದಲ್ಲಿ ಇನ್ನೂರ ಇಪ್ಪತ್ತು. ಗಂಡುಗಳು ಕಾದಾಡಿ ಹೊಟ್ಟೆ ಸೀಳಿಸಿಕೊಳ್ಳುತ್ತಿದ್ದವು, ಮರಿಗಳು ಬೇಲಿಯ ಬುಡದಲ್ಲಿ ಒಣಗಿ ಬಿದ್ದಿರುತ್ತಿದ್ದವು. ತಿಂಗಳಿಗೊಮ್ಮೆ ಅಬುಧಾಬಿಯಿಂದ ಬರುವ ದನದ ಡಾಕ್ಟರು ಎಲ್ಸಿ, ನಮ್ಮ ಮಂಗಳೂರಿನವರೇ, ಕಡ್ಡಿ ಮುರಿದಂತೆ ಹೇಳಿದರು: "ಎಪ್ಪತ್ತು ಹೋಗ್ಬೇಕು ಮುರುಗೆಪ್ಪ. ಇಲ್ಲದಿದ್ರೆ ರೋಗ ಬಂದು ಎಲ್ಲವೂ ಹೋಗ್ತವೆ. ಯಾವ್ಯಾವುದು ಅಂತ ನೀವೇ ತೋರಿಸಿ, ನಿಮಗಿಂತ ಯಾರಿಗೂ ಗೊತ್ತಿಲ್ಲ."

ಮೊಟ್ಟೆ ಬೆಂದ ಪಾತ್ರೆಯಲ್ಲಿ ಚಹಾ ಕುಡಿಯದವನು ನಮ್ಮ ಮುರುಗೆಪ್ಪ. ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಜೀಪು ಹತ್ತಿದ. ಒಂದೇ ಷರತ್ತು: ಗೋದಲಿಯ ಹತ್ತಿರ ಗುಂಡು ಹಾರಬಾರದು, ತಾನು ಕರೆಯುವುದಿಲ್ಲ. ಕುಂಟು, ಮುದಿ, ಸೊರಗಿದ್ದು ಎಂದು ಬಯಲಲ್ಲೇ ಒಂದೊಂದಾಗಿ ಬೆರಳು ಮಾಡಿ ತೋರಿಸಿದ. ಜೀಪಿನಲ್ಲಿದ್ದ ಬಂದೂಕಿನವನು ಹೊಡೆದ. ಬಿದ್ದ ಕೂಡಲೇ ನಮ್ಮ ಕ್ಯಾಂಪಿನ, ಉಪ್ಪಿನಂಗಡಿಯ ಉಮ್ಮರಬ್ಬ ಓಡಿಹೋಗಿ, ಹಲಾಲಾಗಲೆಂದು ಬಿಸ್ಮಿಲ್ಲಾ ಹೇಳಿ ಕತ್ತು ಕುಯ್ಯುತ್ತಿದ್ದ. ಮಾಂಸವೆಲ್ಲ ಸುತ್ತಲಿನ ಲೇಬರ್ ಕ್ಯಾಂಪುಗಳಿಗೆ ಹೋಯಿತು. ಒಂದು ಎಲುಬೂ ಹಾಳಾಗಲಿಲ್ಲ.

"ಪಾಪ ಅನ್ನಿಸುದಿಲ್ಲವಾ ನಿನಗೆ?" ಎಂದು ಕೇಳಿದೆ.

"ಪಾಪನ ಅದು," ಎಂದ. "ಹಸಗೊಂಡ ಸಾಯೂದ ನೋಡ್ಕೋತ ಕುಂದರೂದೂ ಪಾಪನ. ಎರಡ್ರಾಗ ಸಣ್ಣದು ತಗೊಂಡೆ. ಆದ್ರ ಉಣ್ಣಾಕ ಕರದು ಹೊಡ್ಯೂದು ನನ್ನ ಕೈಲಿ ಆಗಂಗಿಲ್ಲ."

ಎರಡು ವರ್ಷ ನೆಮ್ಮದಿಯಾಗಿತ್ತು. ಎರಡು ಸಾವಿರದ ಒಂದರ ಡಿಸೆಂಬರಿನಲ್ಲಿ ಯಜಮಾನರ ಅತಿಥಿಯೊಬ್ಬ ಬಂದ. ಯುರೋಪಿನ ಯಾವುದೋ ಕಂಪನಿಯ ದೊಡ್ಡ ಕುಳ, ಹೋದ ದೇಶದಿಂದೆಲ್ಲ ಒಂದೊಂದು ತಲೆ ಒಯ್ದು ಗೋಡೆಗೆ ಹಾಕುವ ಹವ್ಯಾಸ. ಅವನ ಕಣ್ಣು ಬಿದ್ದದ್ದು ಹಿಂಡಿನ ಹಿರಿಯ ಗಂಡಿನ ಮೇಲೆ. ಕಪ್ಪು ಮಿರುಗುವ ಬೆನ್ನು, ಮೊಳಕ್ಕೂ ಮಿಕ್ಕಿದ ತಿರುಚು ಕೊಂಬು. ಮುರುಗೆಪ್ಪ ಅದನ್ನು "ಗೌಡ್ರು" ಎನ್ನುತ್ತಿದ್ದ. ಕರೆದಾಗ ಎಲ್ಲಕ್ಕಿಂತ ಮುಂದೆ ಬರುತ್ತಿದ್ದದ್ದು ಅದೇ.

ಎರಡು ದಿನ ಜೀಪಿನಲ್ಲಿ ಅಟ್ಟಿಸಿಕೊಂಡು ಹೋದ ಅತಿಥಿಯ ಒಂದು ಗುಂಡೂ ಅದಕ್ಕೆ ತಾಗಲಿಲ್ಲ. ಮೂರನೆಯ ಬೆಳಿಗ್ಗೆ ಮ್ಯಾನೇಜರ್ ಮುರುಗೆಪ್ಪನನ್ನು ಕರೆಸಿ, ಸಂಜೆ ಗೌಡ್ರನ್ನು ಗೋದಲಿಗೆ ಕರೆಯಬೇಕೆಂದ. ಇವನು ತಲೆಯಾಡಿಸಿ ಆಗುವುದಿಲ್ಲ ಎಂದ. ಮ್ಯಾನೇಜರ್ ಕೂಗಾಡಲಿಲ್ಲ. ನೀಲಾಂಬಿಕಾಳ ವೀಸಾ ಕಾಗದ ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟ, ಸಹಿಯೊಂದು ಬಾಕಿ ಎಂದ.

ಮುರುಗೆಪ್ಪ ನೇರ ನನ್ನ ಅಡುಗೆಮನೆಗೆ ಬಂದು ಅಕ್ಕಿಮೂಟೆಯ ಮೇಲೆ ಕುಳಿತ. ನಾನಾದರೂ ಸುಮ್ಮನಿರಬೇಕಿತ್ತು. ಇರಲಿಲ್ಲ.

"ಎಪ್ಪತ್ತನ್ನು ತೋರಿಸಿ ಕೊಟ್ಟವ ನೀನು. ಈಗ ಒಂದಕ್ಕೆ ಇಷ್ಟು ಆಲೋಚನೆಯಾ?" ಎಂದೆ. "ಇನ್ನೆರಡು ವರ್ಷದಲ್ಲಿ ಎಳೆಯ ಗಂಡುಗಳು ಅದನ್ನು ಹೇಗೂ ಹೊರಗೆ ಹಾಕ್ತಾವೆ ಅಂತ ಡಾಕ್ಟ್ರಮ್ಮನೇ ಹೇಳಿದ್ರಲ್ಲ. ಹಿಂಡಿಗೆ ಏನೂ ಆಗುದಿಲ್ಲ."

"ಹಿಂಡಿಗೆ ಏನೂ ಆಗಂಗಿಲ್ಲ. ಖರೇ," ಎಂದ. "ಅವಾಗ ಹಿಂಡಿನ ಸಲುವಾಗಿ ಹೊಡದ್ರು ಶೀನಣ್ಣ. ಈಗ ಗ್ವಾಡಿ ಸಲುವಾಗಿ."

"ಹಾಗಾದ್ರೆ ನಿನಗೆ ಹೆಂಡತಿಗಿಂತ ಆ ಜಿಂಕೆಯೇ ಹೆಚ್ಚಾ?"

ಮಾತು ಬಾಯಿಂದ ಜಾರಿತ್ತು. "ಹತ್ತು ವರ್ಷಾತು, ಶೀನಣ್ಣ. ಆಕಿ ಮಾರಿ ನೆನಸ್ಕೊಂಡ್ರ ಫೋಟೋದಾಗಿಂದ ಬರತೈತಿ, ಆಕಿ ಬರಂಗಿಲ್ಲ," ಎಂದು ಎದ್ದು ಹೋದ.

ಆ ಸಂಜೆ ಅವನು ಕರೆದ. ಎಂದಿನ ದನಿ, ಎಂದಿನ ಮಾತು, ಎಂದಿನ ಮರ್ಯಾದೆ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಗೌಡ್ರು ದಿಬ್ಬವಿಳಿದು ಎಲ್ಲಕ್ಕಿಂತ ಮುಂದೆ ಬಂದು ಗೋದಲಿಗೆ ಬಾಯಿ ಹಾಕಿದರು. ಗುಂಡು ಹಾರಿತು.

ಉಮ್ಮರಬ್ಬ ಅಭ್ಯಾಸದಂತೆ ಚೂರಿ ಹಿಡಿದು ಓಡಿದ. ಅತಿಥಿ ಕೈ ಅಡ್ಡ ಹಿಡಿದ. ಕತ್ತು ಕುಯ್ದರೆ ಚರ್ಮ ಹಾಳಾಗುತ್ತದೆ, ಗೋಡೆಗೆ ಹಾಕಲು ಬರುವುದಿಲ್ಲ. ಉಮ್ಮರಬ್ಬ ಚೂರಿ ಮಡಚಿ ಜೇಬಿಗಿಟ್ಟ. "ಇನ್ನು ಇದನ್ನು ನಾವು ತಿನ್ಲಿಕ್ಕಿಲ್ಲ," ಎಂದು ಹೊರಟುಹೋದ.

ತಲೆಯನ್ನೂ ಭುಜದವರೆಗಿನ ಚರ್ಮವನ್ನೂ ಐಸ್ ಪೆಟ್ಟಿಗೆಯಲ್ಲಿಟ್ಟು ಮರುದಿನ ದುಬೈಗೆ ಒಯ್ದದ್ದು ನಾನೇ. ರಾಸ್ ಅಲ್ ಖೋರ್‌ನಲ್ಲಿ ಕಾರು ರಿಪೇರಿ ಗ್ಯಾರೇಜುಗಳ ಹಿಂದೆ ಅಂಥ ತಲೆಗಳಿಗೆ ಹೊಟ್ಟು ತುಂಬುವ ಒಂದು ಶೆಡ್ಡಿತ್ತು. ಅಲ್ಲಿಯವನು ಗಾಜಿನ ಕಣ್ಣುಗಳ ತಟ್ಟೆ ಮುಂದಿಟ್ಟು, ಇದರ ಕಣ್ಣು ಯಾವ ಬಣ್ಣದ್ದಿತ್ತು ಎಂದು ಕೇಳಿದ. ಒಂಬತ್ತು ವರ್ಷ ದಿನಾ ಕಂಡಿದ್ದೆ. ನನಗೆ ಹೇಳಲು ಬರಲಿಲ್ಲ.

ಉಳಿದ ದೇಹವನ್ನು ಮುರುಗೆಪ್ಪ ಒಬ್ಬನೇ ಗುಂಡಿ ತೋಡಿ ಹೂಳಿದ. ಯಾರನ್ನೂ ಹತ್ತಿರ ಸೇರಿಸಲಿಲ್ಲ. ಆಮೇಲೆ ಉಮ್ಮರಬ್ಬ ಹೇಳಿದ, ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದು ಅವನು ಗುಂಡಿಯ ಪಕ್ಕ ಎಷ್ಟೋ ಹೊತ್ತು ಕುಳಿತಿದ್ದನಂತೆ. ಹಚ್ಚಲು ಹಣೆಯೇ ಇರಲಿಲ್ಲ.

ಮ್ಯಾನೇಜರ್ ಮಾತಿಗೆ ತಪ್ಪಲಿಲ್ಲ. ಮಾರ್ಚಿನಲ್ಲಿ ನೀಲಾಂಬಿಕಾ ಬಂದಳು. ಅಬುಧಾಬಿ ಏರ್‌ಪೋರ್ಟಿನಿಂದ ನಾವಿಬ್ಬರೇ ಹೋಗಿ ಕರೆತಂದೆವು. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಿ, ಮಾತುಗಾತಿ, ದಾರಿಯುದ್ದಕ್ಕೂ ಇಲ್ಲಿ ಮಣ್ಣೇ ಇಲ್ಲವಲ್ಲ ಎಂದು ಬೆರಗಾಗುತ್ತಿದ್ದಳು. ಬಂದ ಎರಡನೆಯ ದಿನ ಇಡೀ ಕ್ಯಾಂಪಿಗೆ ಜೋಳದ ರೊಟ್ಟಿ ತಟ್ಟಿ ಹಾಕಿದಳು. ಹತ್ತು ವರ್ಷದಲ್ಲಿ ಮುರುಗೆಪ್ಪ ಹೊಟ್ಟೆ ತುಂಬ ಉಂಡದ್ದನ್ನು ಅವತ್ತೇ ನಾನು ನೋಡಿದ್ದು. ನನಗೆ ಹಗುರವೆನಿಸಿತು. ನನ್ನ ಮಾತು ತಪ್ಪಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಗೌಡ್ರು ಬಿದ್ದ ಸಂಜೆಯಿಂದ ಅವನು ಚಿಗರಿಗಳನ್ನು ಕರೆಯುವುದನ್ನೇ ಬಿಟ್ಟಿದ್ದ. ಮೇವು ತುಂಬಿ ಬೆನ್ನು ತಿರುಗಿಸಿ ಬಂದುಬಿಡುತ್ತಿದ್ದ, ಅವು ತಮ್ಮಷ್ಟಕ್ಕೆ ಬಂದು ತಿನ್ನುತ್ತಿದ್ದವು. ನೀಲಾಂಬಿಕಾಳಿಗೆ ಇದು ಗೊತ್ತಿರಲಿಲ್ಲ. ವೀಸಾ ಹೇಗೆ ಬಂತೆಂದೂ ಅವನು ಹೇಳಿರಲಿಲ್ಲ. "ನೀವ ಕರದ್ರ ಬರತಾವಂತಲ್ರೀ, ಒಮ್ಮೆ ಕರದ ತೋರಸ್ರಿ," ಎಂದು ದಿನಾ ಪೀಡಿಸುತ್ತಿದ್ದಳು. ಹದಿನೈದು ದಿನ ಏನೇನೋ ನೆಪ ಹೇಳಿದ. ಕಡೆಗೆ ಒಂದು ಶುಕ್ರವಾರ ಸಂಜೆ ಅವಳು ಕೈ ಹಿಡಿದು ಗೋದಲಿಯವರೆಗೆ ಎಳೆದೊಯ್ದಳು. ನನ್ನನ್ನೂ ಕರೆದಳು.

"ಬರ್ರೀ," ಎಂದ. ದನಿ ಎದ್ದಿರಲಿಲ್ಲ, ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವು ಬಂದವು. ದಿಬ್ಬದ ಮೇಲಿಂದ ಪುಟಿಯುತ್ತ, ಮರಿಗಳನ್ನು ಕಟ್ಟಿಕೊಂಡು, ಇಡೀ ಹಿಂಡು. ಈಗಷ್ಟೇ ಬೆನ್ನು ಕಪ್ಪಾಗುತ್ತಿದ್ದ ಎಳೆಯ ಗಂಡೊಂದು ಎಲ್ಲಕ್ಕಿಂತ ಮುಂದೆ ಬಂದು ಅವನ ಎದುರು ನಿಂತಿತು.

"ಅಯ್ಯ, ನಿಮ್ಮ ಮ್ಯಾಲ ಎಷ್ಟ ನಂಬಿಗಿ ಅವಕ್ಕ," ಎಂದಳು ನೀಲಾಂಬಿಕಾ.

"ಬರಬಾರದಿತ್ತ, ನೀಲಾ," ಎಂದ ಮುರುಗೆಪ್ಪ. "ಒಂದಾದ್ರೂ ಅಂಜಿ ನಿಲ್ಲಬೇಕಿತ್ತ."

ಅವಳಿಗೆ ಅರ್ಥವಾಗಲಿಲ್ಲ. ನನ್ನತ್ತ ತಿರುಗಿದಳು, ನಾನು ಮೇವಿನ ಚೀಲ ಅವಳತ್ತ ಸರಿಸಿದೆ. ಅವಳು ಒಂದು ಹಿಡಿ ಮೇವು ತೆಗೆದು ಬೇಲಿಯೊಳಗೆ ಕೈ ಚಾಚಿದಳು, ಎಳೆಯ ಗಂಡು ಅವಳ ಕೈಯಿಂದಲೇ ತಿನ್ನತೊಡಗಿತು. ಸಂತೋಷ ತಡೆಯಲಾರದೆ, ಇಲ್ಲಿ ನೋಡ್ರಿ, ಇಲ್ಲಿ ನೋಡ್ರಿ ಎಂದು ಗಂಡನನ್ನು ಕರೆದಳು. ಆ ಮುಖಕ್ಕಾಗಿ ಹತ್ತು ವರ್ಷ ಹಂಬಲಿಸಿದವನು ಅದನ್ನು ನೋಡಲಾರದೆ ನೆಲ ನೋಡುತ್ತ ನಿಂತಿದ್ದ.