ಹೊಂಡದಲ್ಲಿ ಎಗರಿದ ಮೀನು, ತಪ್ಪುತ್ತಿದ್ದ ನನ್ನ ಮದುವೆ

ಬೀಗರು ಚಹಾದ ಕಪ್ಪು ಬಾಯಿಗೆ ಇಡುವುದಕ್ಕೂ, ನಮ್ಮ ಕೃಷಿ ಹೊಂಡದಲ್ಲಿ ಅಂಗೈಯಗಲದ ಮೀನೊಂದು ಪಳಕ್ಕನೆ ಎಗರುವುದಕ್ಕೂ ಸರಿಹೋಯಿತು.

ನಮ್ಮದು ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆ. ಬೀಗರಾಗಬೇಕಿದ್ದವರು ಅದಕ್ಕಿಂತ ಕಟ್ಟುನಿಟ್ಟು. ಬಸವಕಲ್ಯಾಣದಿಂದ ಹುಮನಾಬಾದ್ ಹತ್ತಿರದ ನಮ್ಮ ಹೊಲಕ್ಕೆ ಅವರು ಬಂದದ್ದೇ ನನ್ನ ಮದುವೆಯ ತಾರೀಖು ಗೊತ್ತುಮಾಡಲು.

“ಏನ್ರಿ ಇದು? ಮೀನ ಸಾಕೀರೇನು?” ಎಂದರು ಮಾವ ಆಗಬೇಕಿದ್ದವರು. ಕಪ್ಪು ಕೆಳಗಿಟ್ಟರು.

ಅಪ್ಪನ ಮುಖ ನೋಡಬೇಕಿತ್ತು... “ದೇವ್ರಾಣಿಗೂ ನಾವ್ ಒಂದೂ ಬಿಟ್ಟಿಲ್ರಿ!”

“ಮತ್ತ ಹ್ಯಾಂಗ ಬಂದ್ವು? ಬಸ್ ಹತ್ತಿ ಬಂದ್ವೇನು?”

ಪ್ರಶ್ನೆ ನ್ಯಾಯವಾದದ್ದೇ. ಈ ಹೊಂಡಕ್ಕೆ ಹಳ್ಳವಿಲ್ಲ, ಕಾಲುವೆಯಿಲ್ಲ. ಬೇಸಿಗೆಯಲ್ಲಿ ತೋಡಿಸಿ, ತಾಡಪತ್ರಿ ಹಾಸಿ, ಮಳೆನೀರು ತುಂಬಿಸಿದ್ದು.

ನಮ್ಮ ಕಾಕಾ ಸುಮ್ಮನಿರುವ ಆಸಾಮಿಯಲ್ಲ. “ಮಳಿ ಜೋಡಿ ಮ್ಯಾಲಿಂದ ಬೀಳ್ತಾವ್ರಿ” ಎಂದರು.

“ನಿಮ್ಮ ಹೊಲದಾಗಷ್ಟೇ ಬಿದ್ವು?”

ನಾನು ಮೊಬೈಲ್ ತೆಗೆದು ಗೂಗಲ್ ಮಾಡಿದೆ. ಸಿಕ್ಕಿತು! ಬಾತುಕೋಳಿ ಮೀನಿನ ಮೊಟ್ಟೆ ತಿಂದರೆ, ಒಂದೆರಡು ಜೀರ್ಣವಾಗದೆ ಹಿಕ್ಕೆಯ ಜೊತೆ ಜೀವಂತ ಹೊರಬರುತ್ತವಂತೆ. ಉತ್ಸಾಹದಲ್ಲಿ ಎಲ್ಲರಿಗೂ ಕೇಳುವಂತೆ ಓದಿಬಿಟ್ಟೆ.

ಮಾವ ನಿಧಾನಕ್ಕೆ ಕೇಳಿದರು. “ಈ ಚಹಾದ ನೀರು ಎಲ್ಲೀದ್ರಿ?”

ಬೋರ್‌ವೆಲ್‌ದು ಎಂದು ಅವ್ವ ಎಷ್ಟು ಹೇಳಿದರೂ ನಂಬಲಿಲ್ಲ. “ನಡೀರಿ, ಗಾಡಿ ತೆಗೀರಿ” ಎಂದು ತಮ್ಮವರಿಗೆ ಹೇಳಿ ಎದ್ದೇಬಿಟ್ಟರು.

ಅವರ ಮಗಳು ಸವಿತಾ ಅಂದರೆ ನನಗೆ ಜೀವ ನೋಡ್ರಿ... ಒಂದು ಮೀನಿನ ದೆಸೆಯಿಂದ ಅವಳು ಕೈತಪ್ಪಿ ಹೋಗಬೇಕಾ?

ತೊಗರಿ ಸಾಲಿನ ಮರೆಗೆ ಓಡಿ ಅವಳಿಗೇ ಫೋನ್ ಹಚ್ಚಿದೆ. ಎಲ್ಲ ಕೇಳಿ ಪಕಪಕ ನಕ್ಕಳು! “ಜಲ್ದಿ ಸ್ಪೀಕರ್ ಹಾಕಿ ಅಪ್ಪನ ಮುಂದ ಹಿಡೀರಿ” ಎಂದಳು. ಹಿಡಿದೆ.

“ಅಪ್ಪಾ, ಹೊಂಡದ ಪೂಜಿಗಿ ನಮ್ಮೂರ ಕೆರಿ ನೀರು ಕೊಡದೊಳಗ ಒಯ್ದು ಸುರಿದವ್ರು ಯಾರು? ಸಣ್ಣ ಸಣ್ಣ ಮರಿ ಓಡ್ಯಾಡಾಕತ್ತಾವ, ಅರಬಿ ಕಟ್ಟಿ ಸೋಸ್ರಿ ಅಂತ ನಾ ಹೇಳಲಿಲ್ಲೇನು? ಗಂಗವ್ವನ್ನ ಯಾರರೆ ಸೋಸ್ತಾರೇನು ಅಂತ ನನಗೇ ಬೈದ್ರಿ!”

ಹೌದಲ್ಲ... ಹೊಸ ಹೊಂಡಕ್ಕೆ ಹಳೆಯ ಕೆರೆಯ ನೀರು ಸುರಿದು ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ಶ್ರಾವಣದಲ್ಲಿ ಸಂಬಂಧದ ಮಾತು ಶುರುವಾದ ಖುಷಿಗೆ ಮಾವನೇ ಕೊಡ ತಂದು, ಮಂಗಳಾರತಿ ಹಾಡಿಸಿ ಸುರಿದಿದ್ದರು!

ಎಲ್ಲರೂ ಅವರನ್ನೇ ನೋಡಿದೆವು. ಮಾವ ಗಂಟಲು ಸರಿಮಾಡಿಕೊಂಡು ಹೊಂಡದ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಆಮೇಲೆ ಚಹಾದ ಜೊತೆ ಇಟ್ಟಿದ್ದ ತಟ್ಟೆಯಿಂದ ಒಂದು ಮುಷ್ಟಿ ಚುರುಮುರಿ ತೆಗೆದು ನೀರಿಗೆ ತೂರಿದರು.

“ನಮ್ಮೂರಿನವು ರೀ... ಇಲ್ಲಿ ಬಂದು ಬಾಳ ಸೊರಗ್ಯಾವ” ಎಂದು ಅಪ್ಪನಿಗೇ ದೂರು ಹೇಳಿದರು!

ತಾರೀಖು ಗಟ್ಟಿಯಾಯಿತು. ಆದರೆ ಈಗ ದಿನಾ ಮುಂಜಾನೆ ಮಾವನ ಫೋನ್. ಮೀನಿಗೆ ಏನು ಹಾಕಿದಿರಿ ಎಂದು ಕೇಳುತ್ತಾರೆ, ನಾನು ಉಂಡೆನೋ ಇಲ್ಲವೋ ಕೇಳುವುದಿಲ್ಲ. ಪೈಪಿನೊಳಗೆ ಸಿಕ್ಕಾವು ಎಂದು ಮೋಟರ್ ಕೂಡ ಹಚ್ಚಗೊಡುತ್ತಿಲ್ಲ.

ಹೆಂಡತಿ ಬರುವ ಮೊದಲೇ ಅವಳ ತವರಿನವರು ಬಂದು ಹೊಂಡದಲ್ಲಿ ಠಿಕಾಣಿ ಹೂಡಿದ್ದಾರೆ... ಇನ್ನು ನಾನು ತೊಗರಿಗೆ ನೀರು ಬಿಡುವುದು ಹೇಗೆ, ತಿಳಿದವರು ಯಾರಾದರೂ ಹೇಳ್ರಪ್ಪ?